ವಿಷಾಣು ಎಂದು ಬರೆದ ಕಾರ್ಡು

ಗುಡೂರು,
ತಾ. ೯-೧೧-೧೯೮೭, ಸೋಮವಾರ

ಬನಶಂಕರಿ, ನನ್ನ ಕೂಸೇ, ನಿನಗೆ ಅವ್ವನ ಆಶೀರ್ವಾದ. ಬೆಂಗಳೂರಿನ ಚಳಿಗೆ ಕಿವಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ, ಆ ಬಸವಣ್ಣನೇ ಬಲ್ಲ.

ಪತ್ರದ ಮೊದಲ ಸಾಲಿನಲ್ಲಿ ನನ್ನ ಕಣ್ಣು ಹೇಗಿದೆ ಎಂದು ಕೇಳಿದ್ದೀ. ಚಲೋ ಇದೆ. ಬಾಗಲಕೋಟೆಯಲ್ಲಿ ಪೊರೆ ತೆಗೆಸಿಕೊಂಡು, ನಿನ್ನ ಸೋದರಮಾವನ ಮನೆಯಲ್ಲಿ ಒಂದು ತಿಂಗಳು ಹೊಟ್ಟೆತುಂಬ ಉಂಡು ಮಲಗಿ ಬಂದಿದ್ದೇನೆ. ಈಗ ಚಾಳೀಸು ಹಾಕಿಕೊಂಡರೆ ಸೂಜಿಗೆ ದಾರ ಪೋಣಿಸುತ್ತೇನೆ. ಊರಿಗೆ ಬಂದ ಮೇಲೆ ಕಂಡದ್ದನ್ನು ಕಾಣುವುದಕ್ಕಾಗಿಯೇ ಈ ಕಣ್ಣು ಮಾಡಿಸಿಕೊಂಡೆನೇನೋ ಅನ್ನಿಸುತ್ತದೆ, ಅಷ್ಟೇ.

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವ್ವ ಬೆಲ್ಲದೊಳಗೆ ಬೇವಿಟ್ಟು ಕೊಟ್ಟಳು ಎನ್ನಬೇಡ. ಬಸಲಿಂಗವ್ವ ಚಿಗವ್ವನ ಸಲುವಾಗಿ ನಾಲ್ಕು ಸಾಲು ಬರೆದು ಕಳಿಸು ಎಂದರೆ ನೀನು ನಾಲ್ಕು ಹಾಳೆ ಬರೆದು ಕಳಿಸಿದೆ. ಅದರಲ್ಲಿ ಒಂದು ಸಾಲೂ ನಮ್ಮ ಉಪಯೋಗಕ್ಕೆ ಬರಲಿಲ್ಲ. ಹೋದ ಸಲ ನಾನು ಎಲ್ಲವನ್ನೂ ಬಿಡಿಸಿ ಬರೆದಿರಲಿಲ್ಲ ಅನ್ನುವುದೂ ಖರೆ, ನೀನು ಪಿಎಚ್.ಡಿ. ಪ್ರಬಂಧ ಮುಗಿಸುವ ಹೊತ್ತು, ತಲೆ ಕೆಡಿಸುವುದು ಬೇಡ ಅಂದುಕೊಂಡೆ. ಈಗ ಬಿಡಿಸಿ ಬರೆಯುತ್ತೇನೆ. ಓದಿ ಮುಗಿಯುವವರೆಗೆ ಎದ್ದು ಹೋಗಬೇಡ.

ಕರುಗಳ ಭೇದಿಯ ಬೆನ್ನು ಹತ್ತಿ ನೀನು ವರ್ಷವರ್ಷವೂ ಊರಿಗೆ ಬರುತ್ತಿದ್ದಾಗ ನಕ್ಕವರೇ ಹೆಚ್ಚು. ಬಗಲಲ್ಲಿ ಥರ್ಮಾಸು, ಅದರಲ್ಲಿ ಇಳಕಲ್ಲಿನ ಐಸ್‌ಕ್ಯಾಂಡಿ ಅಂಗಡಿಯಿಂದ ಬೇಡಿ ತಂದ ಬರ್ಫ, ಬರ್ಫದೊಳಗೆ ಕರುಗಳ ಹೆಂಡಿ ತುಂಬಿದ ಸಣ್ಣ ಸಣ್ಣ ಸೀಸೆ. ಸಾಲಿ ಅಕ್ಕೋರ ಮಗಳು ಅಷ್ಟೆಲ್ಲ ಓದಿ ಕಡೆಗೆ ಹೆಂಡಿ ಬಳಿಯಲು ಬಂದಳು ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ನಗದೆ ನಿನ್ನ ಜೊತೆ ನಿಂತವಳು ಬಸಲಿಂಗವ್ವ ಒಬ್ಬಳೇ. ಕರು ಬಾಲ ಎತ್ತುವುದನ್ನೇ ಕಾಯುತ್ತ, ಬಾರವ್ವ ಬಾರವ್ವ ಈಗ ಹಾಕತೈತಿ ಎಂದು ನಿನ್ನನ್ನು ಕರೆಯುತ್ತಿದ್ದದ್ದು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು.

ನಮ್ಮ ಬಾಜೂಮನೆ ಶಂಕ್ರಪ್ಪನ ಆಕಳು ಈದರೆ ಕರು ಎಂಟು ದಿನ ದಾಟುತ್ತಿರಲಿಲ್ಲ. ಹೊಟ್ಟೆ ಜಾಡಿಸಿ, ಕಣ್ಣು ಒಳಗೆ ಹೋಗಿ, ಕಡೆಗೆ ಎದ್ದು ನಿಲ್ಲಲಾರದೆ ಹೋಗಿಬಿಡುತ್ತಿತ್ತು. ಮೂರು ವರ್ಷ, ಮೂರು ಕರು. ಮೂರಕ್ಕೂ ಬಿದಿರಿನ ಗೊಟ್ಟದಲ್ಲಿ ಔಷಧ ಹಾಕಿದವಳು, ಮೂರನ್ನೂ ತೊಡೆಯ ಮೇಲೆ ಮಲಗಿಸಿಕೊಂಡು ಅತ್ತವಳು ಬಸಲಿಂಗವ್ವ. ಆಕೆಯ ಗಂಡ, ಅಂದರೆ ಶಂಕ್ರಪ್ಪನ ತಮ್ಮ, ಮದುವೆಯಾದ ಮರುವರ್ಷವೇ ತೀರಿಕೊಂಡ. ಮಕ್ಕಳಿಲ್ಲ. ಭಾವನ ಮನೆಯ ದನಗಳೇ ಆಕೆಗೆ ಸಂಸಾರ.

ನೀನು ಆಕೆಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ್ದು ನನಗೆ ನೆನಪಿದೆ. ಈ ರೋಗ ತರುವ ಜೀವ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರೊಳಗಿನ ಎಳೆ ಹನ್ನೊಂದು ತುಂಡಾಗಿರುತ್ತದೆ. ಅಂಟಿನಂಥ ಒಂದು ಹಾಳೆಯಲ್ಲಿ ಕರೆಂಟು ಬಿಟ್ಟು ಆ ತುಂಡುಗಳನ್ನು ಓಡಿಸಿದರೆ ಸಣ್ಣವು ಮುಂದೆ, ದೊಡ್ಡವು ಹಿಂದೆ ನಿಂತು ಗೆರೆ ಗೆರೆಯಾಗಿ ಕಾಣುತ್ತವೆ. ತಳಿ ಬೇರೆಯಾದರೆ ಗೆರೆಗಳ ನಡುವಿನ ಅಂತರವೂ ಬೇರೆ. ಆಕೆ, ಹಂಗಾರ ಇದು ಸೀರಿ ದಡಿ ಇದ್ದಂಗ ಅನ್ನು, ದಡಿ ನೋಡಿ ಯಾವ ಮಗ್ಗದ್ದು ಅಂತ ಹೇಳತಾರಲ್ಲ, ಅಂದಿದ್ದಳು. ನೀನು ನಕ್ಕು ಹೂಂ ಎಂದಿದ್ದೆ.

ನೀನು ಶಂಕ್ರಪ್ಪನಿಗೆ ಬರೆದ ಕಾರ್ಡು ಬಂದಾಗ ನಾನು ಬಾಗಲಕೋಟೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಊರಲ್ಲಿದ್ದಿದ್ದರೆ ಅದು ನನ್ನ ಕೈಗೇ ಬರುತ್ತಿತ್ತು, ಶಂಕ್ರಪ್ಪ ಓದಿಸಲು ನನ್ನ ಹತ್ತಿರವೇ ತರುತ್ತಿದ್ದ. ನಾನಿಲ್ಲವೆಂದು ಟಪಾಲಿನ ಯಮನಪ್ಪನೇ ಶಂಕ್ರಪ್ಪನ ಕಟ್ಟೆಯ ಮುಂದೆ ನಿಂತು ಓದಿದನಂತೆ, ಐದಾರು ಮಂದಿ ಕೂತಿದ್ದರಂತೆ. ನೀನು ಬರೆದದ್ದು ಇಷ್ಟು: ‘ನಿಮ್ಮ ಮೂರೂ ಕರುಗಳ ಸಗಣಿಯಲ್ಲಿ ವಿಷಾಣು ಸಿಕ್ಕಿದೆ. ಮೂರರಲ್ಲೂ ಒಂದೇ ಬಗೆಯದು. ಊರಿನ ಬೇರೆ ಯಾವ ಕೊಟ್ಟಿಗೆಯಲ್ಲೂ ಈ ಬಗೆ ಸಿಕ್ಕಿಲ್ಲ. ಆದ್ದರಿಂದ ಇದು ಹೊರಗಿನಿಂದ ಬಂದದ್ದಲ್ಲ, ನಿಮ್ಮಲ್ಲಿಯೇ ಇರುವಂಥದು. ಕರುವನ್ನು ಮುಟ್ಟುವವರ ಕೈಯಿಂದ ಹರಡುತ್ತದೆ. ಎಚ್ಚರದಿಂದಿರಿ.’

ನನಗೆ ಇದು ಬಾಯಿಪಾಠವಾಗಿದೆ. ಊರಿಗೇ ಬಾಯಿಪಾಠವಾಗಿದೆ. ನಾನು ಜನ್ಮವೆಲ್ಲ ಸಾಲಿಯಲ್ಲಿ ಕಲಿಸಿದ ಕನ್ನಡವೇ. ಒಂದು ಒತ್ತು ತಪ್ಪಿಲ್ಲ, ಒಂದು ದೀರ್ಘ ಬಿಟ್ಟಿಲ್ಲ. ಪಾಪ, ಇಂಗ್ಲಿಷಿನಲ್ಲಿ ಬರೆದರೆ ಶಂಕ್ರಪ್ಪ ಕಾಕಾನಿಗೆ ತಿಳಿಯುವುದಿಲ್ಲವೆಂದು ನೀನು ಅಚ್ಚ ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಅದನ್ನು ಸೂರಿನ ಸಂದಿಗೆ ಸಿಕ್ಕಿಸಿ ಮರೆತುಬಿಡುತ್ತಿದ್ದರು.

ಯಮನಪ್ಪ ‘ವಿಷಾಣು’ವಿಗೆ ಬಂದು ನಿಂತನಂತೆ. ಅವನಿಗೂ ಹೊಸ ಮಾತು. ವಿಷ ಅಂದರೆ ವಿಷ, ಅಣು ಅಂದರೆ ಚೂರು, ಅಂದರೆ ವಿಷದ ಚೂರು, ಯಾರಿಗೂ ಗೊತ್ತಾಗದ ಹಾಗೆ ಚೂರು ಚೂರೇ ಹಾಕುವಂಥದ್ದು ಎಂದು ಅರ್ಥ ಬಿಡಿಸಿ ಹೇಳಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೂರು ಕರುವಿಗೂ ಒಂದೇ ವಿಷ. ಹೊರಗಿನವರು ಹಾಕಿದ್ದಲ್ಲ. ಮನೆಯವರದೇ ಕೈ. ಕರು ಮುಟ್ಟುವವರ ಕೈ. ಆ ಮನೆಯಲ್ಲಿ ಕರು ಮುಟ್ಟುವವರು ಎಷ್ಟು ಮಂದಿ ಹೇಳು?

ಬಸಲಿಂಗವ್ವ ಅದೇ ಹೊತ್ತಿಗೆ ಬಕೀಟು ಹಿಡಿದು ಬಾಗಿಲಿಗೆ ಬಂದಿದ್ದಳು. ಎಲ್ಲರೂ ತಿರುಗಿ ನೋಡಿದರು. ಆಕೆ ಬಕೀಟು ಕೆಳಗಿಟ್ಟು ತನ್ನ ಎರಡೂ ಕೈ ತಿರುವಿ ನೋಡಿಕೊಂಡಳು. ಅಷ್ಟೇ ಆಕೆ ಮಾಡಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ಶಂಕ್ರಪ್ಪನ ಹೆಂಡತಿ ಒಳಗಿನಿಂದ ಅಂದಳಂತೆ. ಆ ಗಾದೆ ಮಾಡಿದವರ ಬಾಯಿಗೆ ಮಣ್ಣು ಬೀಳಲಿ. ಕಳ್ಳರಲ್ಲದವರೂ ಹೆಗಲು ನೋಡಿಕೊಳ್ಳುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲವೇ?

ದನದ ದವಾಖಾನೆಯ ಮಲೀಕಸಾಬ ನಮ್ಮೂರಿಗೆ ಬಂದ ದಿನ ಈ ಸುದ್ದಿ ಕೇಳಿ ಓಡಿಬಂದ. ಒಳ್ಳೆಯ ಮನುಷ್ಯ. ಕಟ್ಟೆಯ ಮೇಲೆ ಕೂತು, ಇದು ವಿಷ ಅಲ್ಲ, ಇದಕ್ಕೆ ವೈರಸ್ ಅನ್ನುತ್ತಾರೆ, ಪುಸ್ತಕದಲ್ಲಿ ವೈರಾಣು ಅಂತಲೂ ಬರೆಯುತ್ತಾರೆ ಎಂದು ಹೇಳಿದ. ಹೇಳದೆ ಇದ್ದಿದ್ದರೆ ಚಲೋ ಇತ್ತು. ವಿಷ ಯಾಕೆ ಹಾಕಿದಳು ಎಂಬುದೊಂದು ಊರಿಗೆ ಬಗೆಹರಿದಿರಲಿಲ್ಲ. ಅವನು ವೈರ ಅನ್ನುತ್ತಲೇ ಅದೂ ಬಗೆಹರಿಯಿತು. ತನ್ನ ಮಡಿಲಲ್ಲಿ ಕೂಸಿಲ್ಲ, ಆಕಳ ಮಗ್ಗುಲಲ್ಲಿ ಕೂಸು ಕಂಡರೆ ಆಗಲಿಲ್ಲ, ಆ ವೈರಕ್ಕೆ ಹಾಕಿದಳು ಎಂದರು. ಬನಶಂಕರಿ, ಇದೊಂದು ರೋಗಕ್ಕೆ ಹೆಸರಿಡುವಾಗ ನಮ್ಮ ಪಂಡಿತರಿಗೆ ವಿಷ, ವೈರ, ಇವೆರಡೇ ಸಿಕ್ಕವೇನು?

ಶಂಕ್ರಪ್ಪ ಕೆಟ್ಟವನಾಗಿದ್ದರೆ ನಾನು ಜಗಳ ತೆಗೆದು ಗೆದ್ದುಬಿಡುತ್ತಿದ್ದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಮೊದಲು ದನದ ಮನೆಗೆ ಹೋಗಬೇಡ ಅಂದ. ಆಮೇಲೆ ಅಡುಗೆಮನೆಗೆ ಬೇಡ ಅಂದ, ಮನೆಯಲ್ಲಿ ಸಣ್ಣ ಹುಡುಗರಿದ್ದಾರೆ ಅಂದ. ಆಮೇಲೆ ತಾಟು ಹೊರಗೆ ಬಂತು. ಆಕೆ ಆಗಲೂ ಬಾಯಿ ತೆರೆದು ಅಳಲಿಲ್ಲ. ಕರುಗಳಿಗೆ ತಾನು ಹಾಕುತ್ತಿದ್ದ ಔಷಧವನ್ನೇ ಮಾಡಿದಳು. ನಿನಗೆ ಗೊತ್ತಲ್ಲ, ಮಜ್ಜಿಗೆಯಲ್ಲಿ ದಾಳಿಂಬೆ ಸಿಪ್ಪೆ ಅರೆದು ಹಾಕಿದ್ದು. ಅದನ್ನು ಗೊಟ್ಟಕ್ಕೆ ತುಂಬಿಕೊಂಡು ಕಟ್ಟೆಯ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಂತೆ ತಲೆ ಎತ್ತಿ ಗಟಗಟ ಕುಡಿದುಬಿಟ್ಟಳು. ಇದರಲ್ಲಿ ವಿಷ ಇದ್ದರೆ ನಾನೂ ಸಾಯುತ್ತೇನೆ, ನೋಡುತ್ತ ಕೂಡ್ರಿ ಅಂದಳು. ಮಂದಿ ಸಂಜೆಯವರೆಗೆ ಕೂತು ನೋಡಿದರು. ಆಕೆಗೆ ಏನೂ ಆಗಲಿಲ್ಲ. ವಿಷ ಮುರಿಯುವ ಔಷಧವೂ ಇವಳಿಗೆ ಗೊತ್ತಿದೆ ಎಂದು ಹೇಳುತ್ತ ಎದ್ದು ಹೋದರು.

ಕಲಾದಗಿಯಿಂದ ಆಕೆಯ ಅಣ್ಣನನ್ನು ಕರೆಸಿದರು. ಬಂದ, ಶಂಕ್ರಪ್ಪನ ಮನೆಯಲ್ಲಿ ಚಹಾ ಕುಡಿದ, ಕಾರ್ಡು ಓದಿಸಿಕೊಂಡು ಕೇಳಿದ. ತಂಗಿಯ ಮುಖ ನೋಡದೆ, ನಮ್ಮ ಮನೆಯಲ್ಲೂ ದನ ಅದಾವ್ರಿ ಎಂದು ಹೇಳಿ ಬಸ್ಸು ಹತ್ತಿದ. ಒಡಹುಟ್ಟಿದವನು.

ನಾನು ಊರಿಗೆ ಬಂದಿಳಿದ ದಿನ ಆಕೆ ನಮ್ಮ ಜಗಲಿಯ ಮೇಲೆ ಕೂತಿದ್ದಳು. ಬೀಗ ಹಾಕಿದ ಮನೆಯ ಮುಂದೆ ಎಷ್ಟು ದಿನದಿಂದ ಕೂತಿದ್ದಳೋ ಏನೋ. ಆಕೆಯನ್ನು ಒಳಗೆ ಕರೆದುಕೊಂಡು ನೆಟ್ಟಗೆ ಶಂಕ್ರಪ್ಪನ ಹತ್ತಿರ ಹೋದೆ. ಲೇ ತಮ್ಮಾ, ನೀನು ನನ್ನ ಕೈಯಲ್ಲಿ ಎರಡನೇ ಇಯತ್ತೆ ಕಲಿತವನು, ಬಾಯಿಗೆ ಬಂದದ್ದು ಆಡುವವರ ಮಾತು ಕಟ್ಟಿಕೊಂಡು ಮನೆಯ ಹೆಣ್ಣುಮಗಳನ್ನು ಹೊರಗೆ ಹಾಕಿದೆಯಲ್ಲ ಎಂದು ಬಾಯಿತುಂಬ ಬೈದೆ. ಅವನು ಎದ್ದು ನಿಂತು ಎಲ್ಲ ಬೈಸಿಕೊಂಡ. ಕಡೆಗೆ ಅಂದ:

“ಅಕ್ಕೋರ, ನಾ ಮಂದಿ ಮಾತ ಕೇಳಿಲ್ರಿ. ನಿಮ್ಮ ಮಗಳ ಮಾತ ಕೇಳೀನಿ. ಆಕಿ ಸುಳ್ಳ ಬರಿಯಾಕಿ ಅಲ್ಲ.”

ಊರಲ್ಲಿ ನಿನ್ನ ಮಾತಿಗೆ ಇಷ್ಟು ಬೆಲೆ ಇದೆ ಎಂದು ಬೇರೆ ಯಾವ ದಿನ ಕೇಳಿದ್ದರೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ಅಂದು ಒಣ ಕಣ್ಣಿನಲ್ಲೇ ತಿರುಗಿ ಬಂದೆ.

ಈಗ ಆಕೆ ನಮ್ಮ ಮನೆಯಲ್ಲಿದ್ದಾಳೆ. ಇದ್ದಾಳೆ ಅಂದರೆ ಪಡಸಾಲೆಯ ಮೂಲೆಯಲ್ಲಿದ್ದಾಳೆ. ಕೈ ಯಾವಾಗಲೂ ಸೆರಗಿನ ಒಳಗೆ. ಕೊಡ ಮುಟ್ಟುವುದಿಲ್ಲ, ತಂಬಿಗೆ ಮುಟ್ಟುವುದಿಲ್ಲ. ನೀರು ಬೇಕಾದರೆ ಬೊಗಸೆ ಒಡ್ಡಿ ಮೇಲಿನಿಂದ ಹಾಕಿರಿ ಅನ್ನುತ್ತಾಳೆ. ಹಾಗೆ ನೀರು ಹಾಕಿಸಿಕೊಂಡು ಕುಡಿದವರು ಯಾರು, ಹಾಕಿದವರು ಯಾರು ನನಗೆ ಗೊತ್ತಿಲ್ಲವೇ? ಬಸವಣ್ಣನ ಪಟ ತೂಗುಹಾಕಿದ ಪಡಸಾಲೆಯಲ್ಲಿ ನಾನು ಹಾಗೆ ಹಾಕುವುದಿಲ್ಲ ಎಂದು ಒಂದು ದಿನ ಹಟ ಹಿಡಿದೆ. ಆಕೆ ಆ ದಿನ ನೀರನ್ನೇ ಕುಡಿಯಲಿಲ್ಲ. ಮರುದಿನ ಹಾಕಿದೆ. ಬಾಗಿಲಿಗೆ ಬೆಕ್ಕಿನ ಮರಿ ಬಂದರೆ ಆಕೆ ಕಾಲು ಎಳೆದುಕೊಳ್ಳುತ್ತಾಳೆ.

ಇಂಥಾದ್ದರಲ್ಲಿ ನಿನ್ನ ನಾಲ್ಕು ಹಾಳೆ ಬಂದವು. ಒಲೆಯ ಮುಂದೆ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ. ಇದು ವಿಷ ಅಲ್ಲವೇ ಅಲ್ಲ ಎಂದು ಬರೆದಿದ್ದೀ, ಚಂದ ಬರೆದಿದ್ದೀ. ಅದನ್ನು ಎರಡು ಸಲ ಓದಿದೆ. ಯಾರೂ ಬೇಕೆಂದು ಹಾಕುವಂಥದ್ದಲ್ಲ ಎಂಬುದನ್ನೂ ಓದಿದೆ. ಆಮೇಲೆ ಮೂರನೆಯ ಹಾಳೆಗೆ ಬಂದೆ. ‘ಆದರೂ ಮೂರೂ ಮಾದರಿಗಳ ಗೆರೆಗಳು ಒಂದೇ ಆಗಿರುವುದರಿಂದ, ಆ ಕೊಟ್ಟಿಗೆಯೊಳಗೇ ಉಳಿದು, ಒಂದು ಕರುವಿನಿಂದ ಇನ್ನೊಂದಕ್ಕೆ ನೋಡಿಕೊಳ್ಳುವವರ ಕೈ ಮೂಲಕ ಹೋಗಿರುವ ಸಂಭವವನ್ನು ಇಲ್ಲವೆನ್ನಲು ಬರುವುದಿಲ್ಲ. ಚಿಗವ್ವನಿಗೆ ಸಾಬೂನಿನಿಂದ ಕೈ ತೊಳೆಯಲು ಹೇಳು.’

ಇಲ್ಲವೆನ್ನಲು ಬರುವುದಿಲ್ಲ! ಬರುವುದಿಲ್ಲವೇ, ಬನಶಂಕರಿ? ಯಾರಿಗೆ ಬರುವುದಿಲ್ಲ? ನಾನು ಆ ಸಾಲು ಬಿಟ್ಟು ಮುಂದಿನದಕ್ಕೆ ಹಾರಿದೆ. ಜನ್ಮವೆಲ್ಲ ಪಾಠ ಓದಿದ ಬಾಯಿ ನನ್ನದು, ಆದರೂ ಅಲ್ಲಿ ಎಡವಿತು. ಆಕೆ ಒಲೆಯ ಉರಿ ನೋಡುತ್ತಲೇ ಮೆಲ್ಲಗೆ ಅಂದಳು:

“ಅಲ್ಲೇನೋ ಬಿಟ್ರಿ, ಅಕ್ಕೋರ. ಇರ್ಲಿ ಬಿಡ್ರಿ.”

ನೀನು ಬರೆದದ್ದು ಖರೆ ಇರಬಹುದು. ನಿನ್ನ ಗುರುಗಳು ನೋಡಿ, ನಾಳೆ ದೇಶದವರೆಲ್ಲ ಓದುವ ಪ್ರಬಂಧದಲ್ಲಿ ಅಚ್ಚಾಗುವ ಮಾತು ಇರಬಹುದು. ನಾನು ಇಲ್ಲ ಅನ್ನುವುದಿಲ್ಲ. ಸೀಸೆಯಲ್ಲಿ ಬಂದ ಹೆಂಡಿಯಿಂದ ಅಷ್ಟು ತೆಗೆದ ನಿನ್ನ ಬುದ್ಧಿಗೆ ನಾನು ಸಣ್ಣವಳು. ಆದರೆ ಆ ಗೆರೆ ನೋಡಿದವರು ಬೆಂಗಳೂರಿನಲ್ಲಿದ್ದೀರಿ, ಗೆರೆಯ ಈಚೆಗೆ ಒಬ್ಬ ಹೆಣ್ಣುಮಗಳು ಬೊಗಸೆ ಒಡ್ಡಿ ಕೂತಿದ್ದಾಳೆ.

ಅದಕ್ಕೆ ಒಂದು ಕೆಲಸ ಮಾಡು. ಸುಳ್ಳು ಬರೆ. ಹೂಂ, ಸಾಲಿಯಲ್ಲೂ ಮನೆಯಲ್ಲೂ ಸುಳ್ಳು ಹೇಳಿದವರ ಅಂಗೈಗೆ ಛಡಿ ಕೊಟ್ಟವಳೇ ಈ ಮಾತು ಬರೆಯುತ್ತಿದ್ದೇನೆ. ಶಂಕ್ರಪ್ಪನ ಹೆಸರಿಗೇ ಬರೆ. ಪಾಕೀಟಿನಲ್ಲಿ ಬೇಡ, ಕಾರ್ಡಿನಲ್ಲೇ ಬರೆ, ಯಮನಪ್ಪ ಕಟ್ಟೆಯ ಮುಂದೆ ನಿಂತು ಓದುವ ಹಾಗೆ ದಪ್ಪ ಅಕ್ಷರದಲ್ಲಿ ಬರೆ. ನಮ್ಮ ಪರೀಕ್ಷೆಯಲ್ಲಿ ಸೀಸೆ ಅದಲುಬದಲಾಗಿತ್ತು, ನಿಮ್ಮ ಕರುಗಳಲ್ಲಿ ಏನೂ ಸಿಕ್ಕಿಲ್ಲ, ಯಾರ ಕೈಯಿಂದಲೂ ಏನೂ ಆಗಿಲ್ಲ, ಕರುಗಳು ತಮ್ಮ ಆಯುಷ್ಯ ತೀರಿ ಸತ್ತವು. ಇಷ್ಟೇ ಸಾಕು. ಅಣು ಗಿಣು ಒಂದೂ ಬೇಡ.

ನೀನು ಬರೆಯುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಬರೆದರೂ, ಅಕ್ಕೋರು ಹೇಳಿ ಬರೆಸಿದರು ಎಂದು ಊರು ಆಡಿಕೊಳ್ಳುತ್ತದೆ ಎಂಬುದೂ ಗೊತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ. ಆದರೂ ಕೇಳುತ್ತೇನೆ, ನನಗೆ ಬೇರೆ ದಾರಿ ತೋರುವುದಿಲ್ಲ. ಆಕೆಗೆ ಸಂಜೆ ಆಕಳುಗಳು ಬರುವ ಹೊತ್ತಿಗೆ ಕೂತಲ್ಲಿ ಕೂಡಲಾಗುವುದಿಲ್ಲ. ನಡುವೆ ಒಂದೇ ಗೋಡೆ. ಆಚೆ ಅವು ಅಂಬಾ ಎಂದರೆ ಈಚೆ ಇವಳು ಬಾಯಿಗೆ ಸೆರಗು ತುರುಕಿಕೊಳ್ಳುತ್ತಾಳೆ. ನನ್ನಿಂದ ನೋಡಲು ಆಗುವುದಿಲ್ಲ, ಕೂಸೇ. ನನಗೆ ಬಹಳ ಸಂಕಟವಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ಹಚ್ಚಿ ತಲೆ ಬಾಚಿಕೋ. ನಿನ್ನ ಮೇಲಿನ ಸಿಟ್ಟು ಬರೆಯುತ್ತ ಬರೆಯುತ್ತ ಇಳಿದಿದೆ, ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಂತಿ, ನಿನ್ನನ್ನು ಹೆತ್ತು ಓದಿಸಿದ
ಗುರುಲಿಂಗವ್ವ

ತಾ.ಕ.: ಮೇಲೆ ಬರೆಯಬೇಕಾದದ್ದನ್ನು ಕೆಳಗೆ ಬರೆಯುತ್ತಿದ್ದೇನೆ. ಬರೆಯಲು ಕೈ ಬರಲಿಲ್ಲ. ಶಂಕ್ರಪ್ಪನ ಆಕಳು ಹತ್ತು ದಿನದ ಹಿಂದೆ ಈದಿದೆ. ಹೆಣ್ಣುಗರು. ಎಂಟು ದಿನ ದಾಟಿತು, ಹೊಟ್ಟೆ ಜಾಡಿಸಲಿಲ್ಲ, ಓಣಿತುಂಬ ಬಾಲ ಎತ್ತಿಕೊಂಡು ಜಿಗಿಯುತ್ತದೆ. ಬಸಲಿಂಗವ್ವನ ಕೈ ತಪ್ಪಿತು, ಕರು ಉಳಿಯಿತು ಎಂದು ಊರಲ್ಲಿ ಎಲ್ಲರ ಬಾಯಲ್ಲೂ ಅದೇ. ಹೀಗಾಗಿ ಆ ಕಾರ್ಡನ್ನು ನೀನು ಬರೆದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇದು ಹೇಗೆ ಉಳಿಯಿತು ಎಂದು ನನಗೆ ಗೊತ್ತು, ನಿನಗೂ ಗೊತ್ತಾಗುತ್ತದೆ. ಆ ಮನೆಯಲ್ಲಿ ಆಕಳು ಈದರೆ ಮೊದಲ ಹಾಲನ್ನೆಲ್ಲ ಹಿಂಡಿ ಗಿಣ್ಣ ಮಾಡಿ ಓಣಿಗೆಲ್ಲ ಬೀರುವುದು ಶಂಕ್ರಪ್ಪನ ಅಪ್ಪನ ಕಾಲದಿಂದ ಬಂದ ದೊಡ್ಡಸ್ತಿಕೆ. ಆ ಹಾಲೇ ಕರುವಿಗೆ ಮೊದಲ ಔಷಧ, ಅದನ್ನು ಹಿಂಡಬೇಡಿರಿ ಎಂದು ನೀನು ಹೇಳಿದಾಗ ಶಂಕ್ರಪ್ಪ ನಕ್ಕಿದ್ದ. ಈ ಸಲ ವಿಷದ ಮನೆಯ ಗಿಣ್ಣ ಯಾರು ತಿನ್ನುತ್ತಾರೆ? ಯಾರೂ ಹಿಂಡಲಿಲ್ಲ, ಕರುವೇ ಎಲ್ಲ ಕುಡಿಯಿತು. ಇದು ಹೊಳೆದ ಕೂಡಲೇ ಖುಷಿಯಿಂದ ಎದ್ದು ಹೋಗಿ ಬಸಲಿಂಗವ್ವನಿಗೆ ಹೇಳಿದೆ, ನಿನ್ನ ಕೈಯದ್ದೇನೂ ತಪ್ಪಿಲ್ಲ, ಎಲ್ಲ ಆ ಗಿಣ್ಣದ್ದು ಎಂದೆ. ಆಕೆ ಅಂದಳು: “ಗಿಣ್ಣದ ಹಾಲ ಹಿಂಡಾಕಿನೂ ನಾನ ಅಲ್ಲೇನ್ರಿ, ಅಕ್ಕೋರ.”